ಧ್ರುವದ ಮೇಲೆ ಸುರಿಯುವ ಅನಿಲ

ಎಎಂ ಹರ್ಕ್ಯುಲಿಸ್ ಎಂಬುದು ಒಂದು ಶ್ವೇತ ಕುಬ್ಜ ಮತ್ತು ಒಂದು ಕೆಂಪು ಕುಬ್ಜದ ಜೋಡಿ. ಸುಮಾರು 290 ಜ್ಯೋತಿರ್ವರ್ಷ ದೂರದಲ್ಲಿರುವ ಇವೆರಡೂ ಮೂರು ಗಂಟೆ ಚಿಲ್ಲರೆ ಸಮಯದಲ್ಲಿ ಒಂದನ್ನೊಂದು ಸುತ್ತಿ ಮುಗಿಸುತ್ತವೆ. ಇಡೀ ಜೋಡಿ ಸೂರ್ಯನ ಒಡಲೊಳಗೆ ಹಿಡಿಸೀತು, ಅಷ್ಟು ಹತ್ತಿರದ ವಾಸ. ಶ್ವೇತ ಕುಬ್ಜವೆಂದರೆ ಇಂಧನ ತೀರಿದ ನಕ್ಷತ್ರದ ತಿರುಳು. ಗಾತ್ರದಲ್ಲಿ ಅದು ಭೂಮಿಯಷ್ಟೇ ಇದ್ದರೂ ಅದರ ದ್ರವ್ಯರಾಶಿ ಸೂರ್ಯನ ಅರ್ಧಕ್ಕಿಂತ ಹೆಚ್ಚು.

ಇಷ್ಟು ಹತ್ತಿರವಿದ್ದಾಗ ಕೆಂಪು ಕುಬ್ಜದ ಹೊರಪದರ ಅದರ ಹಿಡಿತಕ್ಕೆ ಸಿಗುವುದಿಲ್ಲ. ಎರಡರ ಗುರುತ್ವ ಸರಿದೂಗುವ ಬಿಂದುವನ್ನು ದಾಟಿ ಅನಿಲ ಆಚೆಗೆ ಹರಿಯುತ್ತದೆ. ಕಾಂತಕ್ಷೇತ್ರ ದುರ್ಬಲವಾಗಿರುವ ಜೋಡಿಗಳಲ್ಲಿ ಹೀಗೆ ಹರಿದ ಅನಿಲ ಶ್ವೇತ ಕುಬ್ಜವನ್ನು ಸುತ್ತುತ್ತ ತಟ್ಟೆಯಾಗಿ ಹರಡಿಕೊಂಡು, ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಎಎಂ ಹರ್ಕ್ಯುಲಿಸ್‌ನಲ್ಲಿ ತಟ್ಟೆ ಕಟ್ಟಲು ಅವಕಾಶವೇ ಇಲ್ಲ. ಇಲ್ಲಿನ ಶ್ವೇತ ಕುಬ್ಜದ ಕಾಂತಕ್ಷೇತ್ರ ಸುಮಾರು 1.4 ಕೋಟಿ ಗಾಸ್. ಭೂಮಿಯ ಮೇಲ್ಮೈಯಲ್ಲಿ ಅದು ಅರ್ಧ ಗಾಸ್‌ನಷ್ಟು ಮಾತ್ರ. ಹೊರಟ ಅನಿಲಧಾರೆ ಮೊದಲು ಗುರುತ್ವದ ಸೆಳೆತಕ್ಕೆ ತಕ್ಕಂತೆ ಬಾಗುತ್ತ ಬೀಳುತ್ತದೆ. ಕಾಂತೀಯ ಒತ್ತಡ ಧಾರೆಯ ರಭಸವನ್ನು ಮೀರುವ ಜಾಗ ಬಂದಾಗ, ವಿದ್ಯುದಂಶ ಪಡೆದ ಅನಿಲ ಬಲರೇಖೆಗಳಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕಾಂತಧ್ರುವದ ದಾರಿಯೊಂದೇ.

ಇಡೀ ವಿದ್ಯಮಾನದ ಅತ್ಯಂತ ಬೆರಗಿನ ಭಾಗ ಈ ಕೊನೆಯ ಬೀಳುವಿಕೆ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದ ಅನಿಲ ಮೇಲ್ಮೈಗೆ ತುಸು ಮೇಲೆ ಆಘಾತ ತರಂಗಕ್ಕೆ ಸಿಕ್ಕಿ ವೇಗ ಕಳೆದುಕೊಳ್ಳುತ್ತದೆ. ಅದರ ಚಲನಶಕ್ತಿ ಉಷ್ಣವಾಗುತ್ತದೆ. ಕೋಟಿಗಟ್ಟಲೆ ಡಿಗ್ರಿಗೆ ಕಾಯ್ದ ಆ ಅನಿಲದ ಕಂಬದಿಂದ ಕ್ಷ-ಕಿರಣಗಳು ಹೊಮ್ಮುತ್ತವೆ. ಬಲರೇಖೆಗಳ ಸುತ್ತ ಸುರುಳಿ ಸುತ್ತುವ ಎಲೆಕ್ಟ್ರಾನ್‌ಗಳು ಧ್ರುವೀಕೃತ ಬೆಳಕು ಸೂಸುತ್ತವೆ. ಗುಟ್ಟು ಬಯಲಾದದ್ದು ಈ ಬೆಳಕಿನಿಂದಲೇ. ಖಗೋಳಜ್ಞ ಮ್ಯಾಕ್ಸ್ ವೋಲ್ಫ್ 1923ರಲ್ಲಿ ಈ ಜೋಡಿಯನ್ನು ಕೇವಲ ಪ್ರಕಾಶ ಬದಲಿಸುವ ತಾರೆಯೆಂದು ಗುರುತಿಸಿದ್ದರು. 1976ರಲ್ಲಿ ಸ್ಯಾಂಟಿಯಾಗೊ ಟಾಪಿಯಾ ಅದರ ಬೆಳಕಿನಲ್ಲಿ ಪ್ರಬಲ ಧ್ರುವೀಕರಣ ಕಂಡರು. ಇಂಥ ಜೋಡಿಗಳಿಗೆ ‘ಪೋಲಾರ್’ ಎಂಬ ಹೆಸರು ಬಂದದ್ದು ಆ ಬಳಿಕ.

ಪೋಲಾರ್‌ಗಳಲ್ಲಿ ಕಾಂತಬಲ ಎರಡೂ ತಾರೆಗಳನ್ನು ಬಿಗಿಯುವುದರಿಂದ ಶ್ವೇತ ಕುಬ್ಜ ಸಂಗಾತಿಗೆ ಸದಾ ಒಂದೇ ಮುಖ ತೋರುತ್ತದೆ. ಅನಿಲವನ್ನು ಕೂಡಿಡುವ ತಟ್ಟೆ ಇಲ್ಲದ ಕಾರಣ, ಧಾರೆ ಸೊರಗಿದರೆ ಬೆಳಕೂ ಬೇಗನೆ ಕುಗ್ಗುತ್ತದೆ; ಎಎಂ ಹರ್ಕ್ಯುಲಿಸ್ ಆಗಾಗ ಹೀಗೆ ಮಂಕಾಗುವುದುಂಟು.

ಕಾಂತಕ್ಷೇತ್ರ ಪೋಲಾರ್‌ಗಳದಕ್ಕಿಂತ ಕಡಿಮೆಯಿದ್ದರೆ ನಡುದಾರಿಯ ವ್ಯವಸ್ಥೆ ಏರ್ಪಡುತ್ತದೆ. ಹೊರಗಡೆ ತಟ್ಟೆ ಉಳಿಯುತ್ತದೆ, ಅದರ ಒಳಭಾಗ ಮಾತ್ರ ಕತ್ತರಿಸಿಹೋಗಿ ಅನಿಲ ಪರದೆಯ ಹಾಗೆ ಧ್ರುವಗಳಿಗೆ ಇಳಿಯುತ್ತದೆ. 1934ರಲ್ಲಿ ನೋವಾ ಆಗಿ ಸಿಡಿದ ಡಿಕ್ಯು ಹರ್ಕ್ಯುಲಿಸ್ ಈ ಬಗೆಯದು. ಅಲ್ಲಿ ಶ್ವೇತ ಕುಬ್ಜಕ್ಕೆ ಒಂದೇ ಮುಖ ತೋರುವ ಬಂಧನವಿಲ್ಲ. ಅದು ವೇಗವಾಗಿ ತಿರುಗುವುದರಿಂದ ಬೆಳಕು 71 ಸೆಕೆಂಡಿಗೊಮ್ಮೆ ಮಿಡಿಯುತ್ತದೆ.