ಬಿಳಿಚಿದ ಹವಳಗಳ ಲೆಕ್ಕಿಗ

ಹವಳವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ. ಕಾವ್ಯ ಬಲ್ಲವರಿಗೆ ನಾಯಿಕೆಯ ತುಟಿ. ನವರತ್ನಗಳ ಸಾಲಿನಲ್ಲಿ ಸ್ಥಾನ ಪಡೆದಿರುವ ಈ ವಸ್ತು ಕಲ್ಲಲ್ಲ, ಒಂದು ಜೀವಿ ಕಟ್ಟಿಕೊಂಡ ಮನೆ ಎಂಬುದು ಎಷ್ಟೋ ಜನರಿಗೆ ಅಚ್ಚರಿಯ ಸಂಗತಿ. ಆಭರಣಕ್ಕೆ ಹೆಸರಾದ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಇಲ್ಲಿ ಹೇಳಹೊರಟಿರುವುದು ಅದರ ದಾಯಾದಿಗಳ ಕಥೆ. ಉಷ್ಣವಲಯದ ತಿಳಿಗಡಲಿನಲ್ಲಿ ಮೈಲಿಗಟ್ಟಲೆ ದಿಬ್ಬಗಳನ್ನು ಕಟ್ಟುವ ಹವಳಗಳದು. ಅದರ ಜೊತೆಗೇ, ಅವುಗಳ ಬದುಕುಸಾವುಗಳ ಲೆಕ್ಕವಿಡುವುದನ್ನೇ ಕಾಯಕ ಮಾಡಿಕೊಂಡ ಟೆರಿ ಹ್ಯೂಸ್ ಎಂಬ ವಿಜ್ಞಾನಿಯದು.

ಹ್ಯೂಸ್ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಚಳಿ, ಮಳೆ, ಮಂಜುಗಳ ಆ ನಾಡಿನಿಂದ ಹೊರಟವನು ಬಿಸಿಲ ದ್ವೀಪವಾದ ಜಮೈಕಾದ ಕಡಲಿಗಿಳಿದು ಹವಳಗಳ ಅಭ್ಯಾಸ ಆರಂಭಿಸಿದ. ದುರ್ದೈವವೋ, ವಿಜ್ಞಾನದ ದೃಷ್ಟಿಯಿಂದ ಸುದೈವವೋ, ಅವನ ಕಣ್ಣೆದುರಿಗೇ ಆ ದಿಬ್ಬಗಳು ಹಾಳಾಗತೊಡಗಿದವು. 1980ರಲ್ಲಿ ಅಲೆನ್ ಎಂಬ ಚಂಡಮಾರುತ ಅವನ್ನು ಮುರಿದುಹಾಕಿತು. ಮುರಿದದ್ದು ಮತ್ತೆ ಬೆಳೆಯಬಹುದಿತ್ತು. ಆದರೆ ಪಾಚಿಯನ್ನು ಮೇಯುವ ಮೀನುಗಳನ್ನು ಮನುಷ್ಯ ಅದಾಗಲೇ ಬಲೆ ಹಾಕಿ ಬರಿದು ಮಾಡಿದ್ದ. ಉಳಿದಿದ್ದ ಒಂದೇ ಮೇಯುವ ಜೀವಿಯೆಂದರೆ ಉದ್ದ ಮುಳ್ಳುಗಳ ಸೀ ಅರ್ಚಿನ್. 1983ರಲ್ಲಿ ಅದಕ್ಕೂ ರೋಗ ತಗುಲಿ ವಂಶವೇ ಅಳಿದಂತಾಯಿತು. ಕಳೆ ಕೀಳುವವರಿಲ್ಲದ ಗದ್ದೆಯಂತೆ ದಿಬ್ಬಗಳನ್ನು ಪಾಚಿ ಮುಚ್ಚಿತು. 1970ರ ದಶಕದ ಕೊನೆಯಲ್ಲಿ ಕಡಲತಳದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದ್ದ ಹವಳ 1990ರ ದಶಕದ ಆರಂಭಕ್ಕೆ ನೂರಕ್ಕೆ ಐದಕ್ಕಿಂತ ಕೆಳಗಿಳಿದಿತ್ತು. 1994ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಲೆಕ್ಕವೇ ಹ್ಯೂಸನಿಗೆ ಹೆಸರು ತಂದದ್ದು.

ಅಷ್ಟರಲ್ಲಿ ಅವನು ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಊರಿನ ಜೇಮ್ಸ್ ಕುಕ್ ವಿಶ್ವವಿದ್ಯಾನಿಲಯವನ್ನು ಸೇರಿದ್ದ. ಅಲ್ಲಿಯ ಕರಾವಳಿಗುಂಟ ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಹರಡಿರುವುದೇ ಜಗತ್ಪ್ರಸಿದ್ಧ ಗ್ರೇಟ್ ಬ್ಯಾರಿಯರ್ ರೀಫ್. ಅದು ಒಂದೇ ದಿಬ್ಬವೆಂದು ಹೆಸರು ಕೇಳಿದವರು ತಿಳಿಯುವುದುಂಟು. ನಿಜವಾಗಿ ಅದು ಸುಮಾರು ಮೂರು ಸಾವಿರ ದಿಬ್ಬಗಳ ಸಾಲು.

ಈ ದಿಬ್ಬಗಳನ್ನು ಕಟ್ಟುವ ಪಾಲಿಪ್ ಎಂಬ ಜೀವಿ ಬಹುಮಟ್ಟಿಗೆ ಅಕ್ಕಿಕಾಳಿನಿಂದ ಹುಣಿಸೆಬೀಜದಷ್ಟು ಗಾತ್ರದ್ದು, ಮೆತ್ತನೆಯದು. ಅದಕ್ಕೊಬ್ಬ ಬಾಡಿಗೆದಾರನುಂಟು: ಅದರ ಮೈಯೊಳಗೇ ವಾಸಿಸುವ ಸೂಕ್ಷ್ಮವಾದ ಪಾಚಿ. ಬಿಸಿಲಿನಿಂದ ಅನ್ನ ಬೇಯಿಸಿ ಮನೆಯೊಡೆಯನಿಗೆ ಬಡಿಸುವುದು ಈ ಪಾಚಿ. ಹವಳದ ಆಹಾರದ ಬಹುಪಾಲು ಇದರದೇ ಅಡುಗೆ. ಹವಳದ ಬಣ್ಣವೂ ಹೆಚ್ಚಿನಂಶ ಇದರದೇ. ಇಂತಹ ಒಳ್ಳೆಯ ಬಾಡಿಗೆದಾರನನ್ನು ಯಾರಾದರೂ ಹೊರಹಾಕುವರೆ? ಆದರೆ ನೀರಿನ ಉಷ್ಣಮಾನವು ಬೇಸಗೆಯ ವಾಡಿಕೆಯ ಗರಿಷ್ಠಮಟ್ಟಕ್ಕಿಂತ ಒಂದೇ ಒಂದು ಡಿಗ್ರಿ ಸೆಂಟಿಗ್ರೇಡ್ ಮೇಲೇರಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ಪಾಚಿಯ ಅಡುಗೆಮನೆ ಕೆಡುತ್ತದೆ. ಅನ್ನದ ಬದಲು ವಿಷ ತಯಾರಾಗುತ್ತದೆ. ಆಗ ಹವಳವು ಅದನ್ನು ಹೊರದೂಡುತ್ತದೆ. ಬಣ್ಣ ಹೋಗಿ, ಪಾರದರ್ಶಕವಾದ ಮೈಯೊಳಗಿಂದ ಸುಣ್ಣದ ಬಿಳಿಯ ಎಲುಬು ಕಾಣತೊಡಗುತ್ತದೆ. ಹೀಗೆ ಬಿಳಿಚಿದ ಹವಳ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬಂದು ಬದುಕೀತು, ತಡವಾದರೆ ಇಲ್ಲ.

ಹವೆಗೆ ನಾವು ಸೇರಿಸುತ್ತಿರುವ ಇಂಗಾಲದ ಡೈಆಕ್ಸೈಡು ಹಿಡಿದಿಟ್ಟ ಶಾಖದ ನೂರಕ್ಕೆ ತೊಂಬತ್ತರಷ್ಟನ್ನು ನುಂಗುತ್ತಿರುವುದು ಸಮುದ್ರವೇ. 2016ರ ಆರಂಭದಲ್ಲಿ ಈ ಶಾಖಕ್ಕೆ ಎಲ್ ನಿನೊ ಎಂಬ ನೈಸರ್ಗಿಕ ಏರುಪೇರೂ ಕೂಡಿಕೊಂಡಿತು. ಆ ವರ್ಷ ಹ್ಯೂಸ್ ಒಂದು ಸಣ್ಣ ವಿಮಾನವನ್ನೂ ಹೆಲಿಕಾಪ್ಟರನ್ನೂ ಹಿಡಿದು ಇಡೀ ಸಾಲಿನ ಮೇಲೆ ಹಾರಿದ. ಎತ್ತರ ನೂರೈವತ್ತು ಮೀಟರು. ಕಿಟಕಿಯಿಂದ ಒಂದೊಂದೇ ದಿಬ್ಬವನ್ನು ನೋಡುವುದು, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವುದು. ನೂರಕ್ಕೆ ಒಂದಕ್ಕಿಂತ ಕಡಿಮೆ ಬಿಳಿಚಿದ್ದರೆ ಸೊನ್ನೆ. ಅರವತ್ತನ್ನು ಮೀರಿದ್ದರೆ ನಾಲ್ಕು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಮೇಷ್ಟರಿಗೆ ಪರಿಚಿತವಾದ ಕೆಲಸವೇ. ಆದರೆ ಇಲ್ಲಿ ಹೆಚ್ಚು ಅಂಕ ಬಂದವರು ಸಾವಿಗೆ ಹತ್ತಿರವಾದವರು. ಮೇಲಿನಿಂದ ಕಂಡದ್ದು ನಿಜವೇ ಎಂದು ಪರೀಕ್ಷಿಸಲು ಇನ್ನೊಂದು ತಂಡ ನೀರಿನಲ್ಲಿ ಮುಳುಗಿ ಎಣಿಸಿತು. ಎರಡು ಲೆಕ್ಕಗಳೂ ಹೊಂದಿದವು.

911 ದಿಬ್ಬಗಳ ಎಣಿಕೆ ಮುಗಿದಾಗ ಬಿಳಿಚದೆ ಉಳಿದಿದ್ದವು ನೂರಕ್ಕೆ ಏಳು ಮಾತ್ರ. ಮನುಷ್ಯರ ಕೈಗೆಟುಕದ, ಅತ್ಯಂತ ನಿರ್ಮಲವೆನಿಸಿದ್ದ ಉತ್ತರದ ಭಾಗಕ್ಕೇ ಏಟು ಹೆಚ್ಚು. ಅಲ್ಲಿಯ ಆಳವಿಲ್ಲದ ನೀರಿನ ಹವಳಗಳಲ್ಲಿ ಸುಮಾರು ಮೂರರಲ್ಲೆರಡು ಪಾಲು ಅದೇ ವರ್ಷ ಸತ್ತವು. ದಕ್ಷಿಣದ ದಿಬ್ಬಗಳು ಪಾರಾದದ್ದು ಒಂದು ಆಕಸ್ಮಿಕದಿಂದ: ಫಿಜಿ ದ್ವೀಪಗಳನ್ನು ಧ್ವಂಸಮಾಡಿದ ವಿನ್‌ಸ್ಟನ್ ಚಂಡಮಾರುತದ ಅಳಿದುಳಿದ ಮೋಡಗಳು ಅತ್ತ ಸಾಗಿ ಮಳೆ ಸುರಿಸಿ ನೀರನ್ನು ತಂಪಾಗಿಸಿದ್ದವು. ಒಬ್ಬರ ಮನೆ ಮುರಿದ ಗಾಳಿ ಇನ್ನೊಬ್ಬರ ಮನೆ ಉಳಿಸಿತು. ಆ ನಕ್ಷೆಯನ್ನು ಹ್ಯೂಸ್ ತನ್ನ ವಿದ್ಯಾರ್ಥಿಗಳಿಗೆ ತೋರಿಸಿದ. ತೋರಿಸಿದವನೂ ನೋಡಿದವರೂ ಅತ್ತರು. ಈ ಸಂಗತಿಯನ್ನು ಅವನೇ ಲೋಕಕ್ಕೆ ತಿಳಿಸಿದ. ಅಂಕಿಗಳಿಗಿಂತ ಅದೇ ಹೆಚ್ಚು ದೂರ ಮುಟ್ಟಿದ್ದರೆ ಆಶ್ಚರ್ಯವಿಲ್ಲ.

ಆದರೆ ಕಣ್ಣೀರು ವಿಜ್ಞಾನವಲ್ಲ. ಹ್ಯೂಸ್ ಮತ್ತು ಸಂಗಡಿಗರು ಮುಂದೆ ಕೇಳಿದ ಪ್ರಶ್ನೆ ಇದು: ಮೀನುಗಾರಿಕೆ ನಿಷೇಧಿಸಿದ್ದ ಕಡೆ, ನೀರು ಶುದ್ಧವಾಗಿದ್ದ ಕಡೆ ಬಿಳಿಚುವಿಕೆ ಕಡಿಮೆಯಾಯಿತೆ? 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಉತ್ತರ ಕಹಿಯಾದದ್ದು. ತೀವ್ರವಾದ ಶಾಖದ ಮುಂದೆ ಆ ರಕ್ಷಣೆಗಳು ಏನೂ ಕೆಲಸ ಮಾಡಲಿಲ್ಲ. ಜಮೈಕಾದಲ್ಲಿ ಮೀನನ್ನು ಕಾಯ್ದಿದ್ದರೆ ದಿಬ್ಬ ಬದುಕುತ್ತಿತ್ತೇನೋ. ಇಲ್ಲಿ ಬೇಲಿ ಹಾಕಿದ್ದೂ ಹಾಕದ್ದೂ ಒಂದೇ ಆಯಿತು. ಪ್ರವಾಸಿಗರನ್ನು ನಂಬಿ ಬದುಕುವ ಕರಾವಳಿಯ ಊರುಗಳಿಗೆ ಈ ಮಾತು ರುಚಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಹವಳಗಳು ವರ್ಷಕ್ಕೊಮ್ಮೆ, ಅಲ್ಲಿಯ ವಸಂತಕಾಲದಲ್ಲಿ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಒಟ್ಟಿಗೇ ಅಂಡಗಳನ್ನೂ ವೀರ್ಯವನ್ನೂ ನೀರಿಗೆ ಬಿಡುತ್ತವೆ. ಕಡಲಿನೊಳಗೆ ತಲೆಕೆಳಗಾಗಿ ಮಳೆ ಸುರಿದಂತೆ ಎಂದು ಕಂಡವರ ಬಣ್ಣನೆ. 2016, 2017 ಎರಡು ವರ್ಷ ಒಂದರ ಹಿಂದೊಂದು ಬೇಗೆ ಬಡಿದ ಮೇಲೆ, 2018ರಲ್ಲಿ ಹುಟ್ಟಿ ನೆಲೆನಿಂತ ಮರಿಗಳ ಸಂಖ್ಯೆ ಹಿಂದಿನದಕ್ಕಿಂತ ನೂರಕ್ಕೆ 89ರಷ್ಟು ಇಳಿದಿತ್ತು. ಸತ್ತವರಿಗೆ ಮಕ್ಕಳಾಗುವುದಿಲ್ಲವಷ್ಟೆ. ಆಮೇಲೆ 2020, 2022, 2024, 2025ರಲ್ಲೂ ಬಿಳಿಚುವಿಕೆ ಮರುಕಳಿಸಿತು. ಹಾಗೆಂದು ದಿಬ್ಬ ಸತ್ತೇಹೋಯಿತೆನ್ನುವುದು ಸರಿಯಲ್ಲ: ಬೇಗ ಬೆಳೆಯುವ ಕವಲುಹವಳಗಳಿಂದಾಗಿ 2022ರಲ್ಲಿ ಉತ್ತರ ಮತ್ತು ಮಧ್ಯಭಾಗಗಳ ಹವಳದ ಹರವು 36 ವರ್ಷಗಳ ಅಳತೆಯಲ್ಲೇ ಹೆಚ್ಚೆಂದು ದಾಖಲಾಯಿತು. ಬೇಗ ಬೆಳೆದವೇ ಬೇಗ ಬಾಡುವಂಥವು. 2025ರ ಅಳತೆಯಲ್ಲಿ ಅದು ಮತ್ತೆ ತೀವ್ರವಾಗಿ ಕುಸಿದಿತ್ತು. ಮುಖ್ಯವಾದುದು ಬಿಡುವು. ಜಗತ್ತಿನ ನೂರು ಕಡೆಯ ದಾಖಲೆಗಳನ್ನು ಕೂಡಿಸಿ ಹ್ಯೂಸ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದ್ದೂ ಇದನ್ನೇ: 1980ರ ದಶಕದ ಆರಂಭದಲ್ಲಿ ಎರಡು ತೀವ್ರ ಬಿಳಿಚುವಿಕೆಗಳ ನಡುವೆ 25ರಿಂದ 30 ವರ್ಷಗಳ ಅಂತರವಿತ್ತು, ಅದೀಗ ಸುಮಾರು ಆರು ವರ್ಷಕ್ಕೆ ಇಳಿದಿದೆ.

ನಮ್ಮ ಮಗ್ಗುಲಿನ ಲಕ್ಷದ್ವೀಪದಲ್ಲೂ ಇದೇ ಲೆಕ್ಕ ನಡೆದಿದೆ. ಅದರ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ ಇಪ್ಪತ್ತನಾಲ್ಕು ವರ್ಷ ಬಿಡದೆ ಎಣಿಸಿದ್ದಾರೆ. 1998ರಲ್ಲಿ ನೂರಕ್ಕೆ ಸುಮಾರು 37ರಷ್ಟಿದ್ದ ಹವಳದ ಹರವು 2022ಕ್ಕೆ ಸುಮಾರು 19ಕ್ಕೆ ಇಳಿದಿತ್ತು. ಬೇಗೆಯಿಲ್ಲದ ಆರು ವರ್ಷ ಕಳೆದ ಮೇಲಷ್ಟೇ ಅವು ವೇಗವಾಗಿ ಚೇತರಿಸಿಕೊಳ್ಳುತ್ತವೆಂಬುದು ಅವರು ಕಂಡ ಸಂಗತಿ. ಅಲ್ಲಿ ಬೇಗೆ ಬಡಿದ ವರ್ಷಗಳು 1998, 2010, 2016, 2024. ಆ ದ್ವೀಪಗಳ ನೆಲವೇ ಹವಳದ ಪುಡಿ; ಮಳೆಗಾಲದ ಅಲೆಗಳಿಗೆ ಎದೆಯೊಡ್ಡಿ ನಿಂತು ಅದನ್ನು ಕಾಯುವುದೂ ಅದೇ ದಿಬ್ಬ. 2011ರ ಜನಗಣತಿಯಂತೆ ಅದರ ಮೇಲೆ ವಾಸಿಸುವವರು ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ.