ಕಾನೂನೂ ದಿನಚರಿಯೂ

ಚರಿತ್ರೆಯೆಂದರೆ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳ ತಾರೀಖುಗಳೆಂದು ಬಹುಮಂದಿ ತಿಳಿದಿರುತ್ತಾರೆ. ಮೂವತ್ತು ವರ್ಷ ಆ ತಾರೀಖುಗಳನ್ನೇ ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸಿದ ನಾನೂ ಆ ತಪ್ಪಿನಲ್ಲಿ ಪಾಲುದಾರನೇ. ಆದರೆ ಒಂದು ಕಾನೂನು ಹುಟ್ಟಿದ ದಿನಕ್ಕೂ ಅದು ಸತ್ತ ದಿನಕ್ಕೂ ನಡುವೆ ಅದು ಜನರ ಊಟ, ನಿದ್ರೆ, ಮಾತುಕತೆ, ಬಾಡಿಗೆ ಮನೆಗಳೊಳಗೆ ಹೇಗೆ ಹೊಕ್ಕು ಕುಳಿತಿತ್ತು ಎಂಬುದೂ ಚರಿತ್ರೆಯೇ. ಕಾಲೇಜಿನ ವಾರ್ಷಿಕ ಸಂಚಿಕೆಗೆ ‘ಬದಲಾದ ಕಾಲ’ದ ಬಗ್ಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಿತ್ರರು ನಿವೃತ್ತನಾದ ನನ್ನನ್ನು ಕೇಳಿದಾಗ, ಅಂಥ ಒಂದು ಕಾನೂನಿನ ವಿಷಯವನ್ನೇ ಆರಿಸಿಕೊಂಡೆ. ಅದು ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮು. ಅದರ ಪರಿಚಯ ನನಗೆ ಪುಸ್ತಕದಿಂದ ಆದದ್ದು ಮಾತ್ರವಲ್ಲ. ೧೯೫೫ರಲ್ಲಿ ಹುಟ್ಟಿದ ನಾನು, ನಡುವಿನ ನಾಲ್ಕು ವರ್ಷ ಕಳೆದರೆ, ಅರವತ್ತಮೂರನೆಯ ವಯಸ್ಸಿನವರೆಗೆ ಅದರ ನೆರಳಿನಲ್ಲಿಯೇ ಬದುಕಿದವನು.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಗಂಡಿಗೆ ಗಂಡಿನಲ್ಲಿ, ಹೆಣ್ಣಿಗೆ ಹೆಣ್ಣಿನಲ್ಲಿ ಮೂಡುವ ಅನುರಾಗವನ್ನು ಸಲಿಂಗಪ್ರೇಮವೆನ್ನುತ್ತಾರೆ. ಅಂಥ ಗಂಡಸರನ್ನು ಇಂದಿನ ತರುಣರು ‘ಗೇ’ ಎಂಬ ಇಂಗ್ಲಿಷ್ ಮಾತಿನಿಂದಲೇ ಕರೆಯುತ್ತಾರೆ. ನಾನು ಅಂಥವರಲ್ಲೊಬ್ಬ. ನನ್ನ ಹರೆಯದಲ್ಲಿ ಈ ಎರಡು ಪದಗಳೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿದ್ದ ಪದಗಳೆಲ್ಲ ಬೈಗುಳಗಳೇ. ಇದೊಂದು ರೋಗವೆಂದು ವೈದ್ಯರೂ ಬಹುಕಾಲ ನಂಬಿದ್ದರು. ೧೯೭೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಪಟ್ಟಿಯಿಂದ ಇದನ್ನು ತೆಗೆದುಹಾಕಿತು. ೧೯೯೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಮಾಡಿತು. ಭಾರತದ ಮನೋವೈದ್ಯರ ಸಂಘವು ಇದು ರೋಗವಲ್ಲವೆಂದು ೨೦೧೮ರ ಜುಲೈ ತಿಂಗಳಲ್ಲಿ ಸಾರಿ ಹೇಳಿತು. ರೋಗವೇ ಅಲ್ಲವೆಂದ ಮೇಲೆ ಔಷಧದ ಮಾತೆಲ್ಲಿ? ‘ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ನಮ್ಮ ಮನೆಗಳ ಔಷಧವಂತೂ ಏನೂ ಅರಿಯದ ಒಂದು ಹೆಣ್ಣಿನ ಬಾಳನ್ನು ಕೆಡಿಸುವುದೇ ಹೊರತು ಯಾರನ್ನೂ ಗುಣಪಡಿಸತಕ್ಕದ್ದಲ್ಲ. ನನ್ನ ತಾಯಿ ತೋರಿಸಿದ ಮೂರು ಸಂಬಂಧಗಳನ್ನು ನಾನು ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಆಕೆಗೆ ನಿಜ ಹೇಳಲಾರದೆ ಹೋದೆನೆಂಬ ದುಃಖ ಉಳಿದಿದೆ. ಒಬ್ಬ ಹೆಣ್ಣುಮಗಳಿಗೆ ಮೋಸ ಮಾಡಲಿಲ್ಲವೆಂಬ ಸಮಾಧಾನವೂ ಇದೆ.

ಈ ಪ್ರೇಮವು ಪಾಶ್ಚಾತ್ಯರಿಂದ ಬಂದ ಚಾಳಿಯೆಂದು ಹೇಳುವವರುಂಟು. ಪಶ್ಚಿಮದಿಂದ ಹಡಗು ಹತ್ತಿ ಬಂದದ್ದು ಪ್ರೇಮವಲ್ಲ, ಅದನ್ನು ದಂಡಿಸುವ ಕಾನೂನು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, ೧೫೩೩ರಲ್ಲಿ, ಇದಕ್ಕೆ ಮರಣದಂಡನೆ ವಿಧಿಸುವ ಶಾಸನವಾಯಿತು. ಭಾರತಕ್ಕೊಂದು ದಂಡಸಂಹಿತೆ ಬೇಕೆಂದು ಮೆಕಾಲೆಯ ನೇತೃತ್ವದ ಕಾನೂನು ಆಯೋಗವು ೧೮೩೭ರಲ್ಲಿ ಕರಡನ್ನು ಸಿದ್ಧಪಡಿಸಿತು. ಅದು ಹಲವು ತಿದ್ದುಪಡಿಗಳೊಡನೆ ೧೮೬೦ರಲ್ಲಿ ಶಾಸನವಾಗಿ, ೧೮೬೨ರ ಜನವರಿ ೧ರಿಂದ ಜಾರಿಗೆ ಬಂದಿತು. ಪ್ರಕೃತಿನಿಯಮಕ್ಕೆ ವಿರುದ್ಧವೆಂದು ಕಾನೂನು ಎಣಿಸಿದ ಸಂಭೋಗಕ್ಕೆ ೩೭೭ನೆಯ ಕಲಮು ಜೀವಾವಧಿ ಶಿಕ್ಷೆಯನ್ನಾಗಲಿ, ಹತ್ತು ವರ್ಷಗಳವರೆಗಿನ ಸೆರೆಯನ್ನಾಗಲಿ, ಜೊತೆಗೆ ಜುಲ್ಮಾನೆಯನ್ನೂ ವಿಧಿಸಿತ್ತು. ಇಬ್ಬರೂ ವಯಸ್ಕರೆ, ಇಬ್ಬರಿಗೂ ಒಪ್ಪಿಗೆಯಿತ್ತೆ, ಬಾಗಿಲು ಹಾಕಿದ ಮನೆಯೊಳಗೆ ನಡೆದದ್ದೆ ಎಂಬ ಭೇದಗಳು ಅದಕ್ಕಿರಲಿಲ್ಲ. ಇತ್ತ ಇಂಗ್ಲೆಂಡಿನಲ್ಲಿ ವುಲ್ಫೆಂಡನ್ ಸಮಿತಿಯು ೧೯೫೭ರಲ್ಲಿ ತನ್ನ ವರದಿ ಕೊಟ್ಟು, ವಯಸ್ಕರು ಏಕಾಂತದಲ್ಲಿ ಒಪ್ಪಿ ನಡೆದುಕೊಳ್ಳುವುದು ಅಪರಾಧವಾಗಬಾರದೆಂದಿತು. ೧೯೬೭ರಲ್ಲಿ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಇಪ್ಪತ್ತೊಂದು ತುಂಬಿದವರ ಮಟ್ಟಿಗೆ ಹಾಗೆಯೇ ಆಯಿತು. ಕಾನೂನು ಮಾಡಿಕೊಟ್ಟವರು ತಮ್ಮ ಮನೆಯಲ್ಲಿ ಅದನ್ನು ಸಡಿಲಿಸಿಕೊಂಡ ಮೇಲೂ ನಾವು ಐವತ್ತೊಂದು ವರ್ಷ ಅದನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದೆವು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಈ ಕಲಮಿನ ಕೆಳಗೆ ಎಷ್ಟು ಜನ ಸೆರೆಮನೆಗೆ ಹೋದರು? ಬಹಳ ಜನರಲ್ಲ. ವರದಿಯಾದ ತೀರ್ಪುಗಳನ್ನು ನೋಡಿದರೆ ನೂರೈವತ್ತು ವರ್ಷಗಳಲ್ಲಿ ಇನ್ನೂರಕ್ಕಿಂತ ಕಡಿಮೆ ಜನರ ಮೇಲೆ ಮೊಕದ್ದಮೆ ನಡೆದಿದೆಯೆಂದು ಸುಪ್ರೀಂ ಕೋರ್ಟು ೨೦೧೩ರಲ್ಲಿ ಹೇಳಿತು. ಹಾಗಾದರೆ ಇದರಿಂದ ಅಂಥ ಕಷ್ಟವೇನು ಎಂದು ಕೇಳುವುದು ಸಹಜ. ಆದರೆ ಭಯಕ್ಕೆ ಮೊಕದ್ದಮೆಯ ನಂಬರು ಇರುವುದಿಲ್ಲ. ಗದ್ದೆಯಲ್ಲಿ ನಿಲ್ಲಿಸಿದ ಬೆದರುಬೊಂಬೆ ಯಾವ ಹಕ್ಕಿಯನ್ನೂ ಕೊಲ್ಲುವುದಿಲ್ಲ. ಹಾಗೆಂದು ಅದು ಕೆಲಸ ಮಾಡುತ್ತಿಲ್ಲವೆಂದು ಯಾವ ರೈತನೂ ಹೇಳನು.

ಅದು ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ ನನ್ನ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ೧೯೮೬ರಿಂದ ನಾನೂ ನನ್ನ ಸಂಗಾತಿಯೂ ಒಂದೇ ಮನೆಯಲ್ಲಿದ್ದೇವೆ. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು. ಮನೆಯ ಮಾಲೀಕರಿಗೆ ನಾವು ಖರ್ಚು ಹಂಚಿಕೊಂಡಿರುವ ಇಬ್ಬರು ನೌಕರರು. ಎರಡು ಮಂಚ ಕೊಂಡಿದ್ದೆವು. ಎರಡನೆಯದರ ಮೇಲೆ ಯಾವಾಗಲೂ ಪುಸ್ತಕಗಳ ರಾಶಿ. ಊರಿಂದ ನೆಂಟರು ಬರುವ ಕಾಗದ ಬಂದರೆ ಪುಸ್ತಕಗಳನ್ನು ಇಳಿಸಿ ಹಾಸಿಗೆ ಹಾಸುತ್ತಿದ್ದೆವು. ಇಬ್ಬರೇ ನಿಂತು ತೆಗೆಸಿಕೊಂಡ ಒಂದು ಫೋಟೋ ಕೂಡ ಅಂದಿನದು ನಮ್ಮಲ್ಲಿಲ್ಲ. ಸಿನಿಮಾಕ್ಕೆ ಹೋದರೆ ಮೂರನೆಯವರೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೆವು. ಯಾರೂ ನಮ್ಮನ್ನು ಹೆದರಿಸಿರಲಿಲ್ಲ. ಹೆದರಿಸುವ ಅಗತ್ಯವೇ ಇರಲಿಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳುತ್ತಿದ್ದೆವು.

ನಮ್ಮ ಭಾಷೆಯೂ ಇದಕ್ಕೆ ಒಂದು ಮರೆಯಾಗಿ ಒದಗಿತು. ಕನ್ನಡದಲ್ಲಿ ‘ಅವನು’, ‘ಅವಳು’ ಎಂದರೆ ಗಂಡು, ಹೆಣ್ಣು ಎಂಬುದು ತಿಳಿದುಹೋಗುತ್ತದೆ. ಗೌರವದ ‘ಅವರು’ ಎಂದರೆ ತಿಳಿಯುವುದಿಲ್ಲ. ‘ಮನೆಯವರಿಗೆ ಜ್ವರ, ಇವತ್ತು ಸ್ವಲ್ಪ ಬೇಗ ಹೋಗಬೇಕು’ ಎಂದರೆ ಹೊಸದಾಗಿ ಬಂದ ಅಧ್ಯಾಪಕರು ನನ್ನ ಹೆಂಡತಿಗೆ ಜ್ವರವೆಂದುಕೊಂಡು ‘ಹೊರಡಿ ಸರ್, ನಾನು ಕ್ಲಾಸು ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದರು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಪ್ರತಿಯೊಂದು ವಾಕ್ಯವನ್ನೂ ಆಡುವ ಮುನ್ನ ಒಮ್ಮೆ ಒಳಗೇ ತಿದ್ದಿಕೊಳ್ಳುವುದು ಎಷ್ಟು ಆಯಾಸದ ಕೆಲಸವೆಂಬುದು ಅನುಭವಿಸಿದವರಿಗೇ ಗೊತ್ತು.

೨೦೦೮ರಲ್ಲಿ ಒಂದು ರಾತ್ರಿ ಅವರಿಗೆ ಹೊಟ್ಟೆನೋವು ಬಂದು ಆಸ್ಪತ್ರೆಗೆ ಸೇರಿಸಿದೆ. ಅಪೆಂಡಿಕ್ಸ್ ಆಪರೇಷನ್ ಆಗಬೇಕೆಂದರು. ‘ನೀವು ಅವರಿಗೆ ಏನಾಗಬೇಕು?’ ಎಂದು ಕೇಳಿದರು. ‘ಸ್ನೇಹಿತ’ ಎಂದೆ. ‘ಸ್ನೇಹಿತರ ಸಹಿ ನಡೆಯುವುದಿಲ್ಲ, ರಕ್ತಸಂಬಂಧಿಗಳನ್ನು ಕರೆಸಿ’ ಎಂದರು. ಅವರ ಅಣ್ಣನ ಮಗ ದೂರದ ಊರಿನಿಂದ ಬಂದು ತಲಪುವ ವೇಳೆಗೆ ಬೆಳಗಾಗಿತ್ತು. ದೇವರ ದಯದಿಂದ ಅನಾಹುತವಾಗಲಿಲ್ಲ. ರೋಗಿಗೆ ಪ್ರಜ್ಞೆಯಿದ್ದರೆ ಅವನ ಸಹಿಯೇ ಸಾಕೆಂಬುದು ನನಗೆ ಆಮೇಲೆ ತಿಳಿಯಿತು. ಆ ರಾತ್ರಿಯೇ ತಿಳಿದಿದ್ದರೂ ವಾದಿಸುತ್ತಿದ್ದೆನೆಂಬ ಭರವಸೆ ನನಗಿಲ್ಲ. ಹೆಚ್ಚು ಮಾತನಾಡಿದರೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಬೇರೆ ದನಿಯಲ್ಲಿ ಕೇಳಿಯಾರೆಂಬ ಅಂಜಿಕೆ. ಕಾನೂನಿನ ನಿಜವಾದ ಕೆಲಸ ಇದು: ಇದ್ದ ಹಕ್ಕನ್ನೂ ಕೇಳದಂತೆ ಅದು ಬಾಯಿ ಕಟ್ಟಿತ್ತು.

ಕಾಲ ಬದಲಾದ ಕ್ರಮವನ್ನು ಈಗ ನೋಡೋಣ. ೧೯೯೦ರಲ್ಲಿ ಅಶೋಕ ರಾವ್ ಕವಿ ಎಂಬುವರು ಮುಂಬಯಿಯಲ್ಲಿ ‘ಬಾಂಬೆ ದೋಸ್ತ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ೨೦೦೧ರಲ್ಲಿ ನಾಜ್ ಫೌಂಡೇಷನ್ ಎಂಬ ಸಂಸ್ಥೆ ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿತು. ೨೦೦೯ರ ಜುಲೈ ೨ರಂದು ಆ ನ್ಯಾಯಾಲಯವು ಒಪ್ಪಿಗೆಯುಳ್ಳ ವಯಸ್ಕರಿಗೆ ಈ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. ೨೦೧೩ರ ಡಿಸೆಂಬರ್ ೧೧ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ನಾಲ್ಕು ವರ್ಷ ತೆರೆದಿದ್ದ ಬಾಗಿಲು ಮತ್ತೆ ಮುಚ್ಚಿತು. ಅದೇ ವರ್ಷ ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳು ಪ್ರಕಟವಾದದ್ದನ್ನು ನೆನೆಯಬೇಕು. ನ್ಯಾಯಾಲಯ ಮುಚ್ಚಿದ ಬಾಗಿಲನ್ನು ಸಾಹಿತ್ಯ ತೆರೆಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ನಮ್ಮ ಕಷ್ಟಸುಖವನ್ನು ನಮ್ಮದೇ ಭಾಷೆಯಲ್ಲಿ ಓದಿದಾಗ ಒಂದು ಕಿಟಕಿಯಾದರೂ ತೆರೆದಂತಾಯಿತು.

ಮುಂದಿನ ಹೆಜ್ಜೆಗೆ ನಮ್ಮ ನಾಡಿನ ವೃದ್ಧರೊಬ್ಬರು ಕಾರಣರಾದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ೧೯೨೬ರಲ್ಲಿ ಜನಿಸಿದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಎದ್ದ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠವು ವಿಚಾರಿಸಿ, ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಖಾಸಗಿತನ ಹಕ್ಕಾದ ಮೇಲೆ ೩೭೭ನೆಯ ಕಲಮು ನಿಲ್ಲುವುದು ಕಷ್ಟವಾಯಿತು. ನೃತ್ಯಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತು ಇತರ ನಾಲ್ವರು ೨೦೧೬ರಲ್ಲಿಯೇ ಹಾಕಿದ್ದ ಅರ್ಜಿಯ ಮೇಲೆ ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ನೀಡಿ, ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ ಈ ಕಲಮನ್ನು ರದ್ದುಮಾಡಿದರು. ಇಷ್ಟು ತಡವಾದುದಕ್ಕೆ ಇತಿಹಾಸವು ಇವರ ಕ್ಷಮೆ ಕೇಳಬೇಕಾಗಿದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು.

ಆ ಸಂಜೆ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ವಾರ್ತೆ ಕೇಳಿ, ಅನ್ನಸಾರು ಉಂಡು, ಕಿಟಕಿ ಮುಚ್ಚಿ ಮಲಗಿದೆವು. ಕಾನೂನು ಒಂದು ಬೆಳಿಗ್ಗೆ ಬದಲಾಗಬಹುದು. ಅಭ್ಯಾಸ ಹಾಗೆ ಬದಲಾಗುವುದಿಲ್ಲ. ನೆಂಟರು ಬರುತ್ತಾರೆಂದರೆ ಇಂದಿಗೂ ಕೈ ತಾನಾಗಿಯೇ ಮಂಚದ ಮೇಲಿನ ಪುಸ್ತಕಗಳತ್ತ ಹೋಗುತ್ತದೆ.

ಅಪರಾಧವಲ್ಲವೆಂದಾದರೆ ಸಂಬಂಧವೆಂದು ಒಪ್ಪಿದಂತಾಯಿತೆ? ಇಲ್ಲ. ೨೦೨೩ರ ಅಕ್ಟೋಬರ್ ೧೭ರಂದು ಸುಪ್ರೀಂ ಕೋರ್ಟು, ಮದುವೆಯಾಗುವುದು ಮೂಲಭೂತ ಹಕ್ಕಲ್ಲವೆಂದೂ ಸಲಿಂಗ ವಿವಾಹಕ್ಕೆ ಮನ್ನಣೆ ಕೊಡುವುದು ಶಾಸನ ಮಾಡುವವರ ಕೆಲಸವೆಂದೂ ಹೇಳಿತು. ಇಂಥ ಜೋಡಿಗಳ ನಿತ್ಯದ ತೊಂದರೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ೨೦೨೪ರಲ್ಲಿ ರಚಿಸಿತು. ಆ ವರ್ಷ ಕೆಲವು ಸೂಚನೆಗಳು ಹೊರಟವು: ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿಯಾಗಿ ಹೆಸರಿಸಲು ಯಾವ ನಿರ್ಬಂಧವೂ ಇಲ್ಲ, ಪಡಿತರ ಚೀಟಿಗಾಗಿ ಇಬ್ಬರನ್ನೂ ಒಂದೇ ಮನೆಯವರೆಂದು ಎಣಿಸಬೇಕು, ಹತ್ತಿರದ ಬಂಧುಗಳಿಲ್ಲದಿದ್ದರೆ ಸಂಗಾತಿ ಶವವನ್ನು ಪಡೆಯಬಹುದು. ಅದೇ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೭೭ನೆಯ ಕಲಮು ಪೂರ್ತಿಯಾಗಿ ಇಲ್ಲವಾಯಿತು. ಇದರಿಂದ, ಬಲಾತ್ಕಾರಕ್ಕೊಳಗಾದ ಗಂಡಸಿಗೆ ಅದರಲ್ಲಿ ಉಳಿದಿದ್ದ ರಕ್ಷಣೆಯೂ ಹೋಯಿತೆಂಬ ಆಕ್ಷೇಪ ನ್ಯಾಯವಾದುದೇ.

ವಯಸ್ಸಾದವರು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ನಾಮಿನಿಯೆಂದರೆ ಹಣ ಕೈಗೆ ಪಡೆಯುವವನೇ ಹೊರತು ಅದರ ಒಡೆಯನಲ್ಲ. ವಾರಸುದಾರರು ಬಂದು ಕೇಳಬಹುದು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ವಾರಸುದಾರರ ಪಟ್ಟಿಯಲ್ಲಿ ಸಂಗಾತಿಗೆ ಜಾಗವಿಲ್ಲ. ಆದಕಾರಣ ಇಬ್ಬರು ಸಾಕ್ಷಿಗಳ ಸಹಿಯೊಡನೆ ಉಯಿಲು ಬರೆದಿಡುವುದು ಅವಶ್ಯ. ನಾವು ಬರೆದಿಟ್ಟಿದ್ದೇವೆ. ನನ್ನ ಪಿಂಚಣಿಯಾದರೋ ನನ್ನೊಡನೆಯೇ ಮುಗಿಯುತ್ತದೆ. ನಲವತ್ತು ವರ್ಷ ಜೊತೆಗಿದ್ದವರಿಗೆ ಅದರಲ್ಲಿ ಒಂದು ಕಾಸೂ ಸೇರದು. ಅದನ್ನು ಉಯಿಲಿನಿಂದ ಸರಿಪಡಿಸಲಾಗದು.

ಆ ಸೂಚನೆ ಹೊರಟ ಮೇಲೆ ಜಂಟಿ ಖಾತೆ ತೆರೆಯಲು ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಅಲ್ಲಿನ ತರುಣ ಗುಮಾಸ್ತ ಅರ್ಜಿಯನ್ನು ನೋಡಿ, ‘ಸರ್, ಇವರು ನಿಮಗೆ ಏನಾಗಬೇಕು? ಇಲ್ಲಿ ಬರೆದಿಲ್ಲ’ ಎಂದ. ಹದಿನಾರು ವರ್ಷಗಳ ಹಿಂದಿನ ರಾತ್ರಿ ಕೇಳಿದ ಅದೇ ಪ್ರಶ್ನೆ. ಕೈ ಸ್ವಲ್ಪ ನಡುಗಿತು. ‘ಸಂಗಾತಿ’ ಎಂದು ಬರೆದೆ. ಅವನು ಓದಿದ, ಮುದ್ರೆಯೊತ್ತಿ, ‘ಇಲ್ಲೊಂದು ಸಹಿ ಹಾಕಿ ಸರ್’ ಎಂದು ಕಾಗದವನ್ನು ತಿರುಗಿಸಿದ. ಅಷ್ಟೇ. ನ್ಯಾಯಾಲಯದ ತೀರ್ಪು ನನ್ನ ಪಾಲಿಗೆ ಜಾರಿಗೆ ಬಂದದ್ದು ಆ ದಿನ.

ಆದ್ದರಿಂದ ನನ್ನ ಕಿರಿಯ ಸಹೋದ್ಯೋಗಿಗಳಿಗೂ ವಿದ್ಯಾರ್ಥಿ ಮಿತ್ರರಿಗೂ ಹೇಳುವುದಿಷ್ಟೆ. ಕಾನೂನನ್ನು ಬದಲಿಸುವವರು ನ್ಯಾಯಮೂರ್ತಿಗಳು. ಅದನ್ನು ದಿನಚರಿಯೊಳಕ್ಕೆ ತರುವವರು ಗುಮಾಸ್ತರು, ದಾದಿಯರು, ಮನೆಯ ಮಾಲೀಕರು, ಅಧ್ಯಾಪಕರು. ನಿಮ್ಮಲ್ಲಿ ಅನೇಕರು ನಾಳೆ ಆ ಸ್ಥಾನಗಳಲ್ಲಿ ಕೂರತಕ್ಕವರು. ನಿಮ್ಮ ಮುಂದೆ ನಿಂತವರನ್ನು ‘ಏನಾಗಬೇಕು?’ ಎಂದು ಕೇಳುವ ಸಂದರ್ಭ ಬಂದೇ ಬರುತ್ತದೆ. ಕೇಳಿರಿ, ತಪ್ಪಿಲ್ಲ. ಉತ್ತರ ಏನೇ ಬರಲಿ, ತಲೆಯೆತ್ತಿ ಎರಡನೆಯ ಸಲ ನೋಡದೆ ಬರೆದುಕೊಳ್ಳಿರಿ.