ಯಂತ್ರ ಗರಗಸದ ಸರಪಳಿಗೆ ಸಾಣೆ



ಕುಡಗೋಲು ಮೊಂಡಾದರೆ ಕೊಯ್ಯುವವನ ಕೈಗೆ ಕೂಡಲೇ ತಿಳಿಯುತ್ತದೆ. ಬದುವಿನ ಮೇಲೆ ಕುಳಿತು ಅದನ್ನು ಮಸೆದುಕೊಂಡೇ ಅವನು ಮುಂದಿನ ಸಾಲು ಹಿಡಿಯುತ್ತಾನೆ. ಯಂತ್ರ ಗರಗಸದ ಸರಪಳಿ ಮೊಂಡಾದಾಗ ಹಾಗಾಗುವುದಿಲ್ಲ. ಎಂಜಿನ್ ಅದೇ ಅಬ್ಬರದಿಂದ ಓಡುತ್ತದೆ, ಸರಪಳಿಯೂ ಸುತ್ತುತ್ತಲೇ ಇರುತ್ತದೆ. ಹಿಡಿದವನು ಮಾತ್ರ ತನಗರಿವಿಲ್ಲದಂತೆ ಹೆಚ್ಚು ಹೆಚ್ಚು ಒತ್ತತೊಡಗುತ್ತಾನೆ. ಇದರಿಂದ ಪೆಟ್ರೋಲು ವ್ಯರ್ಥವಾಗುತ್ತದೆ, ಪಟ್ಟಿ ಸವೆಯುತ್ತದೆ, ತೋಳು ಸೋಲುತ್ತದೆ. ಸೋತ ಕೈಯಲ್ಲಿ ಒತ್ತಿ ಹಿಡಿದ ಯಂತ್ರವಿದ್ದರೆ ಅಪಘಾತಕ್ಕೆ ಇನ್ನೇನೂ ಬೇಕಿಲ್ಲ.

ಬಂಕಾಪುರದ ಸುತ್ತಲಿನ ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಭಾಗಗಳಲ್ಲಿ ಹಳೆಯ ಮಾವಿನ ಗಿಡಗಳ ಟೊಂಗೆ ಸವರಲು, ಬದುವಿನ ಜಾಲಿ, ಬೇವು ಕತ್ತರಿಸಲು, ನೀಲಗಿರಿ ಕಟಾವಿಗೆ ಈ ಯಂತ್ರ ಬಹಳ ಅನುಕೂಲ. ಅದನ್ನು ಕೊಂಡವರು ಸಾಣೆ ಹಿಡಿಯುವುದನ್ನೂ ಕಲಿಯುವುದು ಅವಶ್ಯ.

ಸರಪಳಿ ಕತ್ತರಿಸುವ ಬಗೆ

ಈಗ ಬಳಕೆಯಲ್ಲಿರುವ ಸರಪಳಿಯ ರಚನೆಗೆ ಮೂಲ ಒಂದು ಹುಳು. 1946ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬಾತ, ದುಂಬಿಯ ಮರಿಹುಳು ಮರದ ಮೋಟಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೊರೆಯುತ್ತ ಸಾಗುವುದನ್ನು ಗಮನಿಸಿದ. ಅದರ ದವಡೆಯಂತೆಯೇ ಎಡ ಹಲ್ಲು, ಬಲ ಹಲ್ಲು ಇರುವ ಸರಪಳಿ ಮಾಡಿ, 1947ರಲ್ಲಿ ಅದರ ತಯಾರಿಕೆ ಆರಂಭಿಸಿದ. ನಮ್ಮ ಮಾವಿನ ಕಾಂಡ ಕೊರೆಯುವ ಹುಳುವೂ ಇಂಥ ದುಂಬಿಯ ಮರಿಯೇ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬವಿರುತ್ತದೆ. ಹಲ್ಲು ಮರದೊಳಗೆ ಎಷ್ಟು ಆಳ ಇಳಿಯಬೇಕೆಂಬುದನ್ನು ಈ ದಿಬ್ಬ ನಿರ್ಧರಿಸುತ್ತದೆ. ಹಲ್ಲಿನ ಧಾರೆ, ದಿಬ್ಬದ ಎತ್ತರ ಇವೆರಡೂ ಸರಿಯಿದ್ದರೆ ಸರಪಳಿ ತಾನಾಗಿಯೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ಒತ್ತುವ ಕೆಲಸವಿಲ್ಲ.

ಮೊಂಡಾದುದರ ಗುರುತುಗಳು

ಹರಿತವಾದ ಸರಪಳಿಯಿಂದ ಚಕ್ಕೆಯಂಥ ಹೊಟ್ಟು ಬೀಳುತ್ತದೆ. ಹಿಟ್ಟಿನಂಥ ಪುಡಿ ಬೀಳತೊಡಗಿದರೆ ಧಾರೆ ಹೋಗಿದೆ ಎಂದೇ ತಿಳಿಯಿರಿ. ಎಣ್ಣೆ ಇದ್ದೂ ಕತ್ತರಿಸುವ ಜಾಗದಲ್ಲಿ ಹೊಗೆ ಬಂದರೆ ಅದೂ ಇದೇ ಗುರುತು. ಗರಗಸ ಒಂದೇ ಬದಿಗೆ ವಾಲುತ್ತ ಹೋದರೆ ಎಡಬಲದ ಹಲ್ಲುಗಳ ಉದ್ದ ಅಥವಾ ಧಾರೆ ಸಮನಾಗಿಲ್ಲ, ಇಲ್ಲವೆ ಪಟ್ಟಿಯ ಅಂಚು ಒಂದು ಬದಿ ಸವೆದಿದೆ ಎಂದರ್ಥ.

ಸಾಣೆ ಹಿಡಿಯುವ ಕ್ರಮ

1. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿರಿ. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆಯಿರಿ. ಕೈಗವಸು ಧರಿಸಿ, ಸರಪಳಿಯ ಮೇಲಿನ ಅಂಟು, ಹೊಟ್ಟು ಒರೆಸಿ. ಪಟ್ಟಿ ಅಲುಗಾಡದಂತೆ ವೈಸಿನಲ್ಲಿ ಬಿಗಿಯಿರಿ. ಹೊಲದಲ್ಲಿದ್ದರೆ ಮರದ ಮೋಟಿನಲ್ಲಿ ಮಾಡಿದ ಸೀಳಿನಲ್ಲಿ ಸಿಕ್ಕಿಸಬಹುದು.

2. ಸರಪಳಿಯ ಅಳತೆಗೆ ತಕ್ಕ ದುಂಡು ಅರವನ್ನೇ ಬಳಸಬೇಕು. 3/8 ಅಂಗುಲ ಪಿಚ್ಚಿನ ತಗ್ಗು ಹಲ್ಲಿನ ಸಣ್ಣ ಸರಪಳಿಗೆ 4.0 ಮಿ.ಮೀ., 0.325 ಅಂಗುಲ ಪಿಚ್ಚಿಗೆ 4.8 ಮಿ.ಮೀ. ಅರ ಸಾಮಾನ್ಯ. ನಿಮ್ಮ ಯಂತ್ರದ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿರಿ.

3. ಎಲ್ಲಕ್ಕಿಂತ ಗಿಡ್ಡನೆಯ ಹಲ್ಲನ್ನು ಹುಡುಕಿ ಗುರುತು ಮಾಡಿರಿ. ಉಳಿದ ಹಲ್ಲುಗಳನ್ನು ಅದರ ಉದ್ದಕ್ಕೇ ತರತಕ್ಕದ್ದು.

4. ಹಲ್ಲಿನ ನೆತ್ತಿಯ ಮೇಲಿನ ಓರೆ ಗೆರೆಗೆ ಸರಿಯಾಗಿ, ಸಾಮಾನ್ಯವಾಗಿ 30 ಡಿಗ್ರಿ ಕೋನದಲ್ಲಿ ಅರ ಹಿಡಿಯಿರಿ. ಅರದ ದಪ್ಪದ ಐದನೆಯ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲಿರಬೇಕು. ಒಳಗಿನಿಂದ ಹೊರಗೆ ಮಾತ್ರ ಉಜ್ಜಿರಿ. ಹಿಂದಕ್ಕೆ ತರುವಾಗ ಅರವನ್ನು ಎತ್ತಿಕೊಳ್ಳಿರಿ.

5. ಉದ್ದ ಸಮವಾಗಿದ್ದರೆ ಪ್ರತಿ ಹಲ್ಲಿಗೂ ಎರಡು ಮೂರು ಸಲ, ಎಲ್ಲಕ್ಕೂ ಒಂದೇ ಲೆಕ್ಕ. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ನಂತರ ಇನ್ನೊಂದು ಬದಿಗೆ ನಿಂತು ಉಳಿದವನ್ನು ಮಾಡಿರಿ.

6. ಹಲ್ಲು ಸವೆದಂತೆ ಅದರ ನೆತ್ತಿಯೂ ತಗ್ಗುತ್ತದೆ. ಆಗ ಮುಂದಿನ ದಿಬ್ಬ ಅಡ್ಡ ಬಂದು, ಧಾರೆಯಿದ್ದರೂ ಸರಪಳಿ ಕಚ್ಚುವುದಿಲ್ಲ. ಆದ್ದರಿಂದ ಆಗಾಗ ಅಳತೆ ತಗಡು ಇಟ್ಟು ನೋಡಿ, ಚಪ್ಪಟೆ ಅರದಿಂದ ದಿಬ್ಬವನ್ನು ತಗ್ಗಿಸಬೇಕು. ಅನೇಕ ಸರಪಳಿಗಳಲ್ಲಿ ಈ ಅಂತರ 0.65 ಮಿ.ಮೀ. ಹೆಚ್ಚು ತಗ್ಗಿಸಿದರೆ ಯಂತ್ರ ಎಗರಿ ಬೀಳುತ್ತದೆ, ಇದು ಅತ್ಯಂತ ಅಪಾಯಕಾರಿ.

ಹಲ್ಲಿನ ಮೇಲಿನ ಸವೆತದ ಗುರುತು ತಲುಪಿದರೆ, ಅಥವಾ ಯಾವುದೇ ಕೊಂಡಿಯಲ್ಲಿ ಬಿರುಕು ಕಂಡರೆ ಸರಪಳಿಯನ್ನು ಬದಲಿಸತಕ್ಕದ್ದು.

ಬಿಗಿತ ಮತ್ತು ಎಣ್ಣೆ

ಸರಪಳಿ ತಣ್ಣಗಿದ್ದಾಗ, ಪಟ್ಟಿಯ ತುದಿಯನ್ನು ಮೇಲಕ್ಕೆತ್ತಿ ಹಿಡಿದು ಬಿಗಿ ಮಾಡಬೇಕು. ಸರಪಳಿ ಪಟ್ಟಿಯ ಕೆಳಬದಿಗೆ ತಾಗಿರಬೇಕು, ಆದರೆ ಕೈಯಿಂದ ಸುಲಭವಾಗಿ ಎಳೆಯಲು ಬರಬೇಕು. ಹೊಸ ಸರಪಳಿ ಬೇಗ ಹಿಗ್ಗುವುದರಿಂದ ಮೊದಲ ದಿನ ಪದೇ ಪದೇ ನೋಡಿಕೊಳ್ಳಿರಿ. ಬಿಸಿಯಿದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಲು ಮರೆಯಬೇಡಿರಿ. ಸರಪಳಿ ತಣ್ಣಗಾದಂತೆ ಕುಗ್ಗಿ ಯಂತ್ರಕ್ಕೆ ಹಾನಿ ಮಾಡುತ್ತದೆ.

ಪೆಟ್ರೋಲು ತುಂಬುವಾಗಲೆಲ್ಲ ಸರಪಳಿ ಎಣ್ಣೆಯನ್ನೂ ತುಂಬಿರಿ. ಟ್ರ್ಯಾಕ್ಟರಿನಿಂದ ಇಳಿಸಿದ ಹಳೆಯ ಆಯಿಲ್ ಹಾಕುವುದು ಉಳಿತಾಯವಲ್ಲ. ಅದರಲ್ಲಿರುವ ಲೋಹದ ಪುಡಿ ಪಟ್ಟಿಯನ್ನೂ ಪಂಪನ್ನೂ ಸವೆಸುತ್ತದೆ. ವಾರಕ್ಕೊಮ್ಮೆಯಾದರೂ ಪಟ್ಟಿ ಬಿಚ್ಚಿ ಅದರ ಗಾಡಿಯಲ್ಲಿನ ಹೊಟ್ಟು, ಎಣ್ಣೆಯ ರಂಧ್ರ ಸ್ವಚ್ಛ ಮಾಡಿ, ಪಟ್ಟಿಯನ್ನು ಮಗುಚಿ ಹಾಕಿರಿ. ಇದರಿಂದ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಹೊಲದಲ್ಲಿ ಎಚ್ಚರಿಕೆ

ಧಾರೆಯ ದೊಡ್ಡ ಶತ್ರು ಮಣ್ಣು. ತಿರುಗುವ ಸರಪಳಿ ಮಸಾರಿ ನೆಲಕ್ಕೆ ಒಂದು ಸಲ ತಾಗಿದರೆ ಮಾಡಿದ ಸಾಣೆಯೆಲ್ಲ ವ್ಯರ್ಥ. ಎಳೆದು ತಂದ ದಿಮ್ಮಿಗೆ ಅಂಟಿದ ಎರೆ ಮಣ್ಣನ್ನು ಮೊದಲು ಕೆರೆದು ತೆಗೆಯಿರಿ, ದಿಮ್ಮಿಯ ಕೆಳಗೆ ತುಂಡು ಕಟ್ಟಿಗೆ ಕೊಟ್ಟು ಎತ್ತರಿಸಿರಿ. ಬದುವಿನ ಗಿಡಗಳಲ್ಲಿ ಬೇಲಿಯ ಹಳೆಯ ಮೊಳೆ, ತಂತಿ ಒಳಸೇರಿರುತ್ತವೆ. ನೋಡಿಯೇ ಗರಗಸ ಇಡಿ. ಒಣಗಿದ ಜಾಲಿ ಬಹಳ ಗಟ್ಟಿ, ಸಾಧ್ಯವಾದರೆ ಹಸಿಯಿದ್ದಾಗಲೇ ತುಂಡು ಮಾಡಿಕೊಳ್ಳಿರಿ.

ಪಟ್ಟಿಯ ತುದಿಯ ಮೇಲ್ಭಾಗ ಎಂದೂ ಮರಕ್ಕೆ ತಾಗಬಾರದು. ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತ ಚಿಮ್ಮುತ್ತದೆ. ಕಣ್ಣಿಗೆ, ಕಿವಿಗೆ, ತಲೆಗೆ ರಕ್ಷಣೆ ಇರಲಿ. ಲುಂಗಿ, ಧೋತರ ಉಟ್ಟು ಈ ಕೆಲಸ ಮಾಡಬೇಡಿರಿ.

ಮರ ಕಡಿಯುವ ಮೊದಲು ಅನುಮತಿಯ ಸಂಗತಿಯನ್ನೂ ವಿಚಾರಿಸಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದ ಮರಗಳಿಗೆ, ಅವು ಸ್ವಂತ ಹೊಲದಲ್ಲಿದ್ದರೂ, ವೃಕ್ಷಾಧಿಕಾರಿಯ ಅಪ್ಪಣೆ ಬೇಕು.

ಕೊನೆಗೆ ಒಂದು ಮಾತು. ಯಂತ್ರವನ್ನು ಒತ್ತಬೇಕು ಎನಿಸಿದ ಕ್ಷಣವೇ ಅದನ್ನು ನಿಲ್ಲಿಸಿ ಅರ ಕೈಗೆತ್ತಿಕೊಳ್ಳಿರಿ. ಹೊತ್ತು ಮುಳುಗುವ ಮುಂಚೆ ಇನ್ನೊಂದು ದಿಮ್ಮಿ ಮುಗಿಸಿಬಿಡೋಣ ಎಂದು ಮೊಂಡು ಸರಪಳಿಯಲ್ಲಿ ಕತ್ತರಿಸುವುದಕ್ಕಿಂತ, ಅದನ್ನು ನಾಳೆಗೆ ಬಿಡುವುದು ಮೇಲು. ದಿಮ್ಮಿ ಎಲ್ಲಿಗೂ ಹೋಗುವುದಿಲ್ಲ.